ಕಾನಾದಿಂದ ಇಳಿದು ಹೋದ ತಂದೆ

ಹಿಂದಿನ ಸಂಚಿಕೆಯ ಪಾಠ ಯೋಹಾನನ ಸುವಾರ್ತೆ ನಾಲ್ಕನೇ ಅಧ್ಯಾಯದ ಕೊನೆಯ ಭಾಗ, 46ರಿಂದ 54ನೇ ವಚನದವರೆಗೆ. ಆ ಒಂಬತ್ತು ವಚನಗಳ ಮೇಲೆ ಇಷ್ಟೊಂದು ಪತ್ರ ಬರಬಹುದೆಂದು ನಾನು ಎಣಿಸಿರಲಿಲ್ಲ. ಪಾಠ ಓದದವರಿಗಾಗಿ ಕಥೆ ಚಿಕ್ಕದಾಗಿ: ಕಪೆರ್ನೌಮಿನಲ್ಲಿ ಅರಸನ ಸೇವೆಯಲ್ಲಿದ್ದ ಒಬ್ಬ ಅಧಿಕಾರಿ. ಅವನ ಮಗ ಜ್ವರದಿಂದ ಸಾಯುವ ಹಾಗಿದ್ದಾನೆ. ಯೇಸುಸ್ವಾಮಿ ಕಾನಾಕ್ಕೆ ಬಂದಿದ್ದಾರೆಂದು ಕೇಳಿ ತಂದೆ ಬೆಟ್ಟ ಹತ್ತಿ ಹೋಗುತ್ತಾನೆ, ಇಳಿದು ಬಂದು ಮಗನನ್ನು ಉಳಿಸಬೇಕೆಂದು ಬೇಡುತ್ತಾನೆ. ಸೂಚಕಕಾರ್ಯ, ಅಂದರೆ ಅದ್ಭುತ, ಕಾಣದೆ ನೀವು ನಂಬುವುದೇ ಇಲ್ಲ ಎಂಬ ಗಡುಸು ಉತ್ತರ ಸಿಗುತ್ತದೆ. ಅವನು ಬಿಡುವುದಿಲ್ಲ, ಮಗು ಸಾಯುವ ಮುಂಚೆ ಬಾ ಸ್ವಾಮಿ ಎನ್ನುತ್ತಾನೆ. ಆಗ ಯೇಸು, ಹೋಗು, ನಿನ್ನ ಮಗ ಬದುಕುತ್ತಾನೆ ಎನ್ನುತ್ತಾರೆ. ಅಷ್ಟೇ. ಅವನು ಆ ಮಾತನ್ನು ನಂಬಿ ಹೊರಡುತ್ತಾನೆ. ದಾರಿಯಲ್ಲಿ ಆಳುಗಳು ಎದುರಾಗಿ ಹುಡುಗ ಬದುಕಿಕೊಂಡ ಎನ್ನುತ್ತಾರೆ. ಯಾವ ಹೊತ್ತಿಗೆ ಎಂದು ವಿಚಾರಿಸಿದರೆ, ನಿನ್ನೆ ಏಳನೇ ತಾಸಿಗೆ ಜ್ವರ ಬಿಟ್ಟಿತು ಎಂಬ ಉತ್ತರ. ಯೇಸು ಆ ಮಾತು ಹೇಳಿದ್ದೂ ಅದೇ ತಾಸಿನಲ್ಲಿ.

ಹೊಸ ಓದುಗರಿಗೆ ಒಂದು ಮಾತು. ನಾನು ದೇವಶಾಸ್ತ್ರ ಕಲಿತವಳಲ್ಲ, ಮಕ್ಕಳ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಜ್ವರ, ಕಾಯುವ ತಂದೆತಾಯಿ, ರಾತ್ರಿ ಪಾಳಿ, ಇವು ನನಗೆ ಗೊತ್ತು. ಸತ್ಯವೇದವನ್ನೂ ಆ ಕಣ್ಣಿನಿಂದಲೇ ಓದುತ್ತೇನೆ. ಒಪ್ಪದವರು ಬರೆಯಿರಿ.

ಪ್ರಶ್ನೆ: ನಮ್ಮ ಅಧ್ಯಯನದ ಗುಂಪಿನಲ್ಲಿ ಈ ಪಾಠ ನಡೆಸಿದವರು, "ಅವನು ವಿಧೇಯನಾದ, ಅದಕ್ಕೇ ಮಗ ಗುಣವಾದ. ವಿಧೇಯತೆಯೇ ಅದ್ಭುತದ ಬೀಗದ ಕೈ" ಎಂದರು. ಎಲ್ಲರೂ ಆಮೆನ್ ಎಂದರು. ನನಗೆ ಮಾತ್ರ ಬಾಯಿ ಬರಲಿಲ್ಲ. ನನ್ನಲ್ಲೇ ಏನಾದರೂ ಕೊರತೆಯೇ?

ನಿಮ್ಮಲ್ಲಿ ಕೊರತೆ ಇಲ್ಲ, ನಿಮ್ಮ ಗುಂಪಿನವರು ಗಡಿಯಾರ ನೋಡಿಲ್ಲ.

ಈ ಕಥೆಯಲ್ಲಿ ಯೋಹಾನನು ಹೊತ್ತಿನ ಲೆಕ್ಕವನ್ನು ಇಷ್ಟು ಜೋಪಾನವಾಗಿ ಇಟ್ಟಿರುವುದು ಸುಮ್ಮನೆ ಅಲ್ಲ. ಏಳನೇ ತಾಸಿಗೆ ಯೇಸು ಮಾತಾಡಿದರು. ಏಳನೇ ತಾಸಿಗೆ ಜ್ವರ ಬಿಟ್ಟಿತು. ಆ ಹೊತ್ತಿನಲ್ಲಿ ತಂದೆ ಎಲ್ಲಿದ್ದ? ಇನ್ನೂ ಕಾನಾದಲ್ಲೇ, ಯೇಸುವಿನ ಎದುರಿಗೇ ನಿಂತಿದ್ದ. ಒಂದು ಹೆಜ್ಜೆಯನ್ನೂ ಕಿತ್ತಿರಲಿಲ್ಲ. ಅವನ ವಿಧೇಯತೆ ಶುರುವಾಗುವ ಹೊತ್ತಿಗೆ ಮಗನ ಹಣೆ ತಣ್ಣಗಾಗಿತ್ತು. ದಾರಿಯಲ್ಲಿ ಅವನು ಕುಸಿದು ಕೂತಿದ್ದರೂ, ಅರ್ಧ ದಾರಿಯಲ್ಲಿ ಸಂಶಯಪಟ್ಟು ಅತ್ತಿದ್ದರೂ, ಹುಡುಗನಿಗೆ ಮತ್ತೆ ಜ್ವರ ಏರುತ್ತಿತ್ತು ಎನ್ನಲು ಪಾಠದಲ್ಲಿ ಆಧಾರವೇ ಇಲ್ಲ. ಗುಣವಾದದ್ದು ಯೇಸುವಿನ ಮಾತಿನಿಂದ. ತಂದೆಯ ನಡಿಗೆ ಅದಕ್ಕೆ ಕೊಟ್ಟ ಬೆಲೆ ಆಗಿರಲು ಸಾಧ್ಯವಿಲ್ಲ, ಯಾಕೆಂದರೆ ಅದು ಆಮೇಲೆ ಬಂತು.

ಹಾಗಾದರೆ ಆ ನಡಿಗೆ ಏಕೆ? ನನಗೆ ಈ ಪಾಠದಲ್ಲಿ ಅತಿ ಹೆಚ್ಚು ಹಿಡಿಸುವುದು ಅದೇ. ಕಾನಾ ಎಲ್ಲಿತ್ತು ಎಂಬುದರ ಬಗ್ಗೆ ಪಂಡಿತರಲ್ಲಿ ಎರಡು ಮತ ಇವೆ. ಯಾತ್ರಿಕರು ಹೋಗುವ ಕಫರ್ ಕನ್ನಾ ಎಂಬ ಊರು ಒಂದು, ನಜರೇತಿನ ಉತ್ತರಕ್ಕಿರುವ ಖಿರ್ಬೆತ್ ಕಾನಾ ಎಂಬ ಹಾಳು ದಿಬ್ಬ ಇನ್ನೊಂದು. ಎರಡರಲ್ಲಿ ಯಾವುದಾದರೂ ಸರಿ, ಅಲ್ಲಿಂದ ಕಪೆರ್ನೌಮಿಗೆ ಸುಮಾರು 25ರಿಂದ 30 ಕಿಲೋಮೀಟರ್ ದಾರಿ. ಕಾನಾ ಗಲಿಲಾಯದ ಗುಡ್ಡಗಾಡಿನಲ್ಲಿ. ಕಪೆರ್ನೌಮು ಗಲಿಲಾಯ ಸಮುದ್ರದ ದಡದಲ್ಲಿ, ಸಾಗರಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗೆ. "ಇಳಿದು ಬಾ" ಎಂದು ಆ ತಂದೆ ಅಂಗಲಾಚಿದ್ದು ಬರೀ ಮಾತಿನ ರೂಢಿ ಅಲ್ಲ, ಒಟ್ಟು 400 ಮೀಟರಿಗೂ ಮಿಕ್ಕಿದ ಇಳಿಜಾರು ಅದು. ನಡೆದರೆ ಐದಾರು ಗಂಟೆಯ ಹಾದಿ.

ಅಷ್ಟೂ ಹೊತ್ತು ಅವನ ಕೈಯಲ್ಲಿ ಏನಿತ್ತು? ಒಂದು ವಾಕ್ಯ. ಔಷಧಿ ಇಲ್ಲ, ತೈಲ ಇಲ್ಲ, ಜೊತೆಗೆ ಬಂದ ಪ್ರವಾದಿ ಇಲ್ಲ. ಅವನು ಹತ್ತಿ ಬರುವಾಗ ಒಂದು ಯೋಜನೆ ಹಾಕಿಕೊಂಡು ಬಂದಿದ್ದ: ಯೇಸುವನ್ನು ಕರೆದುಕೊಂಡು ಹೋಗುವುದು, ಮಗನ ಹಾಸಿಗೆಯ ಪಕ್ಕ ನಿಲ್ಲಿಸುವುದು. ಆ ಯೋಜನೆ ಒಂದೇ ಮಾತಿಗೆ ಬಿದ್ದುಹೋಯಿತು. ಕರೆಯಲು ಬಂದವನನ್ನು ಬರಿಗೈಯಲ್ಲಿ ಕಳಿಸಿದರು. ಎರಡನೇ ಅರಸುಗಳು 5ನೇ ಅಧ್ಯಾಯದ ನಾಮಾನನಿಗೂ, ಕುಷ್ಠ ಹಿಡಿದ ಅರಾಮ್ಯರ ಸೇನಾಪತಿಗೂ, ಹೀಗೇ ಆಗಿತ್ತು. ಪ್ರವಾದಿ ಎಲೀಷನು ಹೊರಗೆ ಬಂದು ನಿಂತು, ತನ್ನ ದೇವರ ಹೆಸರೆತ್ತಿ, ಕೈಯಾಡಿಸಿ ಕುಷ್ಠ ವಾಸಿ ಮಾಡುತ್ತಾನೆಂದು ಅವನು ಚಿತ್ರ ಕಟ್ಟಿಕೊಂಡಿದ್ದ. ಬಂದದ್ದು ಆಳು, ಸಿಕ್ಕಿದ್ದು ಯೊರ್ದನಿನಲ್ಲಿ ಏಳು ಸಾರಿ ಮುಳುಗು ಎಂಬ ಅಪ್ಪಣೆ. ನಾಮಾನ ಸಿಟ್ಟಾಗಿ ತಿರುಗಿ ನಡೆದ, ಅವನ ಸೇವಕರು ಸಮಾಧಾನ ಹೇಳಿ ಕರೆತರಬೇಕಾಯಿತು. ಕಪೆರ್ನೌಮಿನ ಅಧಿಕಾರಿ ಸಿಟ್ಟಾಗಲಿಲ್ಲ. ಅವನೂ ದೊಡ್ಡ ಮನುಷ್ಯನೇ. ಕ್ರಿಸ್ತಪೂರ್ವ 4ರಿಂದ ಕ್ರಿಸ್ತಶಕ 39ರವರೆಗೆ ಗಲಿಲಾಯವನ್ನು ಆಳಿದ ಹೆರೋದ ಅಂತಿಪನ ಆಡಳಿತದವನಿರಬೇಕು. ಅಪ್ಪಣೆ ಕೊಟ್ಟು ರೂಢಿಯಿದ್ದವನು ಅಪ್ಪಣೆ ತೆಗೆದುಕೊಂಡು ಹೊರಟ.

ನನ್ನ ಮಟ್ಟಿಗೆ ಇಲ್ಲಿ ವಿಧೇಯತೆ ಎಂದರೆ ಇದು: ಮಗ ಬದುಕಿದ್ದಾನೆ ಎಂಬುದು ನಿಜವಾಗಿದ್ದರೆ ಒಬ್ಬ ತಂದೆ ಏನು ಮಾಡುತ್ತಾನೋ ಅದನ್ನು, ಕಣ್ಣಾರೆ ಕಾಣುವ ಮುಂಚೆ, ಮಾಡುವುದು. ಮನೆಗೆ ಹೋಗುವುದು. ನಂಬಿದ ಮಾತಿಗೆ ಕಾಲು ಬಂತು, ಅಷ್ಟೇ.

ಈಗ ನೀವು ಕೇಳಬಹುದು, ಬೇರೆ ಕಡೆ ವಿಧೇಯತೆ ಮೊದಲು, ಸ್ವಸ್ಥತೆ ಆಮೇಲೆ ಇದೆಯಲ್ಲ? ಇದೆ. ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳು ಯಾಜಕರ ಬಳಿಗೆ ಹೋಗುತ್ತಾ ಇರುವಾಗ ಶುದ್ಧರಾದರು. ಯೋಹಾನ 9ರ ಹುಟ್ಟುಕುರುಡ ಸಿಲೊವ ಕೊಳದಲ್ಲಿ ತೊಳೆದುಕೊಂಡ ಮೇಲೆ ನೋಡಿದ. ಆದರೆ ಅದೇ ಸುವಾರ್ತೆಗಳಲ್ಲಿ ನಾಯಿನೆಂಬ ಊರಿನ ವಿಧವೆ ಏನೂ ಕೇಳಲಿಲ್ಲ, ಏನೂ ಮಾಡಲಿಲ್ಲ, ಅಳುತ್ತಿದ್ದಳು, ಸತ್ತ ಮಗ ಎದ್ದು ಕೂತ. ಯೋಹಾನ 5ರಲ್ಲಿ 38 ವರ್ಷ ಬಿದ್ದುಕೊಂಡಿದ್ದ ರೋಗಿಗೆ ತನ್ನನ್ನು ಎಬ್ಬಿಸಿದವರು ಯಾರೆಂದೇ ಗೊತ್ತಿರಲಿಲ್ಲ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ಛಾವಣಿ ಬಿಚ್ಚಿ ಇಳಿಸಿದವರ ನಂಬಿಕೆಯನ್ನು ಯೇಸು ನೋಡಿದರು ಎಂದಿದೆ. ಇವನ್ನೆಲ್ಲ ಒಂದೇ ಸೂತ್ರಕ್ಕೆ ಕಟ್ಟಿಹಾಕಲು ಹೊರಟರೆ ಒಂದಲ್ಲ ಒಂದು ಕಥೆ ಹೊರಗುಳಿಯುತ್ತದೆ. ಸುವಾರ್ತೆ ಬರೆದವರಿಗೆ ಬೀಗದ ಕೈ ಕೊಡುವ ಉದ್ದೇಶ ಇದ್ದಿದ್ದರೆ, ಇಷ್ಟು ಬಗೆಬಗೆಯ ಬಾಗಿಲುಗಳನ್ನು ತೋರಿಸುತ್ತಿರಲಿಲ್ಲ.

ಗುಂಪಿನ ಮುಂದಾಳಿಗೆ ಜಗಳದ ಧಾಟಿಯಲ್ಲಿ ಹೇಳಬೇಡಿ. ಮುಂದಿನ ಸಲ 52 ಮತ್ತು 53ನೇ ವಚನಗಳನ್ನು ಅವರ ಕೈಯಲ್ಲೇ ಗಟ್ಟಿಯಾಗಿ ಓದಿಸಿ, ಜ್ವರ ಬಿಟ್ಟಾಗ ತಂದೆ ಎಲ್ಲಿದ್ದ ಎಂದು ಕೇಳಿ ಸುಮ್ಮನಿರಿ.

ಪ್ರಶ್ನೆ: ಪಾಠದಲ್ಲಿ ನೀವು "ಒಂದು ರಾತ್ರಿಯ ನಂಬಿಕೆ" ಎಂದು ಬರೆದಿದ್ದೀರಿ. ಏಳನೇ ತಾಸು ಎಂದರೆ ಮಧ್ಯಾಹ್ನ ಒಂದು ಗಂಟೆ. ಐದಾರು ಗಂಟೆಯ ದಾರಿಯಾದರೆ ಅದೇ ಸಂಜೆ ಮನೆ ಮುಟ್ಟಬಹುದಿತ್ತು. ಹಾಗಾದರೆ ರಾತ್ರಿ ಎಲ್ಲಿಂದ ಬಂತು?

ಚುರುಕಾಗಿ ಓದಿದ್ದೀರಿ. ಸೂರ್ಯೋದಯದಿಂದ ಎಣಿಸಿದರೆ ಏಳನೇ ತಾಸು ಮಧ್ಯಾಹ್ನ ಒಂದರ ಹೊತ್ತು, ಸರಿ. ಆಳುಗಳು "ನಿನ್ನೆ" ಎಂದರು. ಇದಕ್ಕೆ ಎರಡು ವಿವರಣೆ. ಒಂದು, ಅವನು ದಾರಿಯಲ್ಲಿ ತಂಗಿ ಬೆಳಿಗ್ಗೆ ಮುಂದುವರಿದ. ಇನ್ನೊಂದು, ಯೆಹೂದ್ಯರಿಗೆ ಸೂರ್ಯ ಮುಳುಗಿದಾಗ ಹೊಸ ದಿನ ಹುಟ್ಟುತ್ತದೆ, ಹಾಗಾಗಿ ಅದೇ ರಾತ್ರಿ ಕತ್ತಲಾದ ಮೇಲೆ ಭೇಟಿಯಾಗಿದ್ದರೂ ಮಧ್ಯಾಹ್ನವನ್ನು "ನಿನ್ನೆ" ಎನ್ನಬಹುದು. ಏಳನೇ ತಾಸು ಎಂದರೆ ಸಂಜೆ ಏಳು ಎನ್ನುವವರೂ ಇದ್ದಾರೆ.

ಕೆಲವರು ಮೊದಲ ವಿವರಣೆ ಹಿಡಿದು, "ನೋಡಿ, ಎಂಥ ನಂಬಿಕೆ, ಅವಸರವೇ ಇಲ್ಲದೆ ನೆಮ್ಮದಿಯಾಗಿ ಮಲಗಿ ಮರುದಿನ ಹೋದ" ಎಂದು ಪ್ರಸಂಗ ಮಾಡುತ್ತಾರೆ. ನನಗೆ ಅದು ರುಚಿಸುವುದಿಲ್ಲ. ಮಗು ಸಾಯುವ ಹಾಗಿರುವಾಗ ನೆಮ್ಮದಿಯಾಗಿ ಮಲಗುವ ತಂದೆಯನ್ನು ನಾನು ವಾರ್ಡಿನಲ್ಲಿ ಕಂಡಿಲ್ಲ, ನಂಬಿಗಸ್ತರಲ್ಲೂ ಕಂಡಿಲ್ಲ. ಆಳುಗಳನ್ನು ಕಂಡ ಕೂಡಲೇ ಅವನು ಕೇಳಿದ ಪ್ರಶ್ನೆ ನೋಡಿ: ಯಾವ ಹೊತ್ತಿಗೆ ಸುಧಾರಿಸತೊಡಗಿದ? ಇದು ನಾನು ಸಾವಿರ ಬಾಯಲ್ಲಿ ಕೇಳಿದ ಪ್ರಶ್ನೆ. ಜ್ವರದ ಮಗುವಿನ ತಂದೆ "ಸ್ವಲ್ಪ ಇಳಿದಿದೆಯಾ ಸಿಸ್ಟರ್" ಎಂದೇ ಕೇಳುತ್ತಾನೆ, ಪೂರ್ತಿ ಹೋಯಿತಾ ಎಂದು ಕೇಳುವ ಧೈರ್ಯ ಇರುವುದಿಲ್ಲ. ಅವನ ಪ್ರಶ್ನೆಯಲ್ಲಿ ನಿಧಾನವಾದ ಸುಧಾರಣೆಯ ನಿರೀಕ್ಷೆ ಇದೆ. ಆಳುಗಳ ಉತ್ತರದಲ್ಲಿ ನಿಧಾನವಿಲ್ಲ, ಜ್ವರ ಬಿಟ್ಟೇ ಹೋಯಿತು. ಅಂದರೆ ಅವನು ನಂಬಿ ಹೊರಟಾಗಲೂ ಕೇಳಿಕೊಂಡದ್ದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸುತ್ತಾ ಬರುತ್ತಿದ್ದ. ಅಂಥ ಅರೆಬರೆ ನಂಬಿಕೆಯನ್ನೂ ಯೋಹಾನನು ನಂಬಿಕೆ ಎಂದೇ ಕರೆದಿದ್ದಾನೆ.

ರಾತ್ರಿ ಪೂರ್ತಿಯೋ, ಸಂಜೆಯ ಕೆಲವು ತಾಸೋ, ನಾನು ಪಟ್ಟು ಹಿಡಿಯುವುದಿಲ್ಲ. ಸುದ್ದಿ ಸಿಗುವ ತನಕ ನಡೆಯಬೇಕಾಯಿತು, ಅದು ಖಚಿತ.

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಫಿಟ್ಸ್‌ಗೆ ದಿನಕ್ಕೆ ಎರಡು ಸಲ ಮಾತ್ರೆ. ಪ್ರಾರ್ಥನಾ ಕೂಟದಲ್ಲಿ ಒಬ್ಬ ಬೋಧಕರು ತಲೆಯ ಮೇಲೆ ಕೈಯಿಟ್ಟು, "ಮಗು ಸ್ವಸ್ಥವಾಗಿದೆ, ಆ ಅಧಿಕಾರಿಯ ಹಾಗೆ ಮಾತನ್ನು ನಂಬಿ ನಡೆಯಿರಿ, ಇನ್ನು ಮಾತ್ರೆ ಕೊಟ್ಟರೆ ಅದು ಅಪನಂಬಿಕೆ" ಎಂದಿದ್ದಾರೆ. ನನ್ನ ಅತ್ತೆಯೂ ಹಾಗೇ ಹೇಳುತ್ತಾರೆ. ಏನು ಮಾಡಲಿ?

ಈ ಪತ್ರಕ್ಕೆ ಸಂಚಿಕೆ ಬರುವ ತನಕ ಕಾಯದೆ ಸಂಪಾದಕರ ಮೂಲಕ ಆಗಲೇ ಉತ್ತರ ಕಳಿಸಿದ್ದೇನೆ. ನಿಮ್ಮಂಥವರು ಬೇರೆಯೂ ಇರುವುದರಿಂದ ಇಲ್ಲಿಯೂ ಬರೆಯುತ್ತಿದ್ದೇನೆ.

ಮಾತ್ರೆ ನಿಲ್ಲಿಸಬೇಡಿ. ಒಂದು ಹೊತ್ತಿನದೂ ತಪ್ಪಿಸಬೇಡಿ. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ, ಒಂದರ ಹಿಂದೆ ಒಂದು ಬಿಡದೆ ಫಿಟ್ಸ್ ಬರಬಹುದು, ಅದರಿಂದ ಪ್ರಾಣವೂ ಹೋಗಬಹುದು. ಒಮ್ಮೆ ಶುರುವಾದ ಫಿಟ್ಸ್ ಐದು ನಿಮಿಷ ದಾಟಿದರೆ ಅದು ತುರ್ತು ಸ್ಥಿತಿ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮಗು ಸಾಮಾನ್ಯವಾಗಿ ಎರಡು ವರ್ಷದಷ್ಟು ಫಿಟ್ಸ್ ಇಲ್ಲದೆ ಕಳೆದರೆ ವೈದ್ಯರೇ ಮಾತ್ರೆ ಬಿಡಿಸುವ ಯೋಚನೆ ಮಾಡುತ್ತಾರೆ, ಆಗಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಮಗ ನಿಜವಾಗಿಯೂ ವಾಸಿಯಾಗಿದ್ದರೆ ಅದು ವೈದ್ಯರ ಪರೀಕ್ಷೆಯಲ್ಲೂ ವಾಸಿಯೇ. ಸ್ವಸ್ಥತೆ ಪರೀಕ್ಷೆಗೆ ಹೆದರಬೇಕಾಗಿಲ್ಲ. ಕುಷ್ಠರೋಗಿಗಳನ್ನು ಯೇಸುಸ್ವಾಮಿಯೇ ಯಾಜಕರ ಬಳಿಗೆ, ಪರೀಕ್ಷೆ ಮಾಡಿ ಶುದ್ಧರೆಂದು ಹೇಳುವ ಅಧಿಕಾರ ಇದ್ದವರ ಬಳಿಗೆ, ಕಳಿಸಿದರಲ್ಲ.

ಈಗ ವಚನದ ಮಾತು. ಯೇಸು ಆ ಅಧಿಕಾರಿಗೆ ಹೋಗು ಎಂದರು. ಮನೆಗೆ ಹೋಗಿ ಔಷಧ ಎಸೆ ಎನ್ನಲಿಲ್ಲ. ಬೋಧಕರು ಕಥೆಗೆ ತಮ್ಮ ಕಡೆಯಿಂದ ಒಂದು ಅಪ್ಪಣೆ ಸೇರಿಸಿದ್ದಾರೆ. ಇಂಥವರು ಸಾಮಾನ್ಯವಾಗಿ ಎತ್ತುವ ವಚನ ಎರಡನೇ ಪೂರ್ವಕಾಲವೃತ್ತಾಂತ 16ರದ್ದು: ಅರಸನಾದ ಆಸನು ಕಾಲಿನ ರೋಗದಲ್ಲಿ ಯೆಹೋವನನ್ನು ಹುಡುಕದೆ ವೈದ್ಯರನ್ನೇ ಹುಡುಕಿದ. ಆ ಅಧ್ಯಾಯವನ್ನು ಮೊದಲಿನಿಂದ ಓದಿ. ಆಸನು ಅಷ್ಟು ಹೊತ್ತಿಗೆ ತನ್ನನ್ನು ಎಚ್ಚರಿಸಿದ ದರ್ಶಿಯನ್ನು ಸೆರೆಗೆ ಹಾಕಿ, ಜನರನ್ನು ಹಿಂಸಿಸಿ ಕೂತಿದ್ದ. ದೇವರ ಕಡೆ ಬೆನ್ನು ತಿರುಗಿಸಿದವನ ಮೇಲಿನ ದೂರು ಅದು. ಅದರ ಪಕ್ಕಕ್ಕೆ ಎರಡನೇ ಅರಸುಗಳು 20ನ್ನು ಇಡಿ. ಅರಸ ಹಿಜ್ಕೀಯ ಸಾಯುವ ಹಾಗಿದ್ದ, ಪ್ರಾರ್ಥಿಸಿದ, ಇನ್ನೂ 15 ವರ್ಷ ಆಯುಷ್ಯ ಕೊಡುತ್ತೇನೆಂದು ದೇವರ ಮಾತು ಬಂತು. ಆ ಮಾತನ್ನು ತಂದ ಪ್ರವಾದಿ ಯೆಶಾಯನೇ ಮರುಕ್ಷಣ ಹೇಳಿದ್ದೇನು? ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಎಂದು. ವಾಗ್ದಾನ ಕೊಟ್ಟ ಬಾಯಿಯೇ ಚಿಕಿತ್ಸೆಯನ್ನೂ ಹೇಳಿತು. ಅಪೊಸ್ತಲ ಪೌಲನು ತನ್ನ ಜೊತೆ ಸೇವಕ ತಿಮೊಥೆಯನ ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು ಬರೆದ, ನಿನ್ನ ನಂಬಿಕೆ ಸಾಲದು ಎಂದು ಬರೆಯಲಿಲ್ಲ. ಅವನ ಜೊತೆಗಾರ ಲೂಕನು ವೈದ್ಯ, ಅದನ್ನು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪ್ರೀತಿಯಿಂದ ನೆನೆಸಿದ್ದಾನೆ.

ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆಂದು ಬರೆದಿದೆಯಲ್ಲ ಎಂದು ಯೇಸುವಿಗೆ ಹೇಳಿದವನು ಸೈತಾನ. ಅವನೂ ವಚನವನ್ನೇ ಹಿಡಿದು ಹೇಳಿದ. ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರಿಸಿದರು. ಏಳು ವರ್ಷದ ಮಗುವನ್ನು ಶಿಖರದ ಅಂಚಿಗೆ ನಿಲ್ಲಿಸುವುದು ಇದಕ್ಕಿಂತ ಬೇರೆಯಲ್ಲ, ಅದೂ ಬೀಳುವವನು ಬೋಧಕರಲ್ಲ, ಮಗು.

ನಿಮ್ಮ ಅತ್ತೆಯವರ ಜೊತೆ ವಾದ ಬೇಡ. ಮಾರ್ಕ 9ನ್ನು ಒಟ್ಟಿಗೆ ಕೂತು ಓದಿ. ಅಲ್ಲೂ ನಿಮ್ಮ ಮಗನಂಥ ಹುಡುಗ, ಬಿದ್ದು ನೊರೆ ಸುರಿಸುತ್ತಿದ್ದವನು. ಅವನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಕೂಗಿದ. ಅಷ್ಟಕ್ಕೇ ಯೇಸು ಹುಡುಗನನ್ನು ಕೈಹಿಡಿದು ಎಬ್ಬಿಸಿದರು. ಮೊದಲು ಅಪನಂಬಿಕೆ ಪೂರ್ತಿ ತೊಳೆದುಕೊಂಡು ಬಾ ಎಂದು ಹಿಂದಕ್ಕೆ ಕಳಿಸಲಿಲ್ಲ. ಮಾತ್ರೆಯನ್ನು ಬಾಯಿಗೆ ಹಾಕುವ ಮುಂಚೆ ಮಗುವಿನ ಜೊತೆ ಒಂದು ಸ್ತೋತ್ರ ಹೇಳಿ. ಅತ್ತೆಯವರೂ ಜೊತೆಗೂಡಬಹುದು.

ಪ್ರಶ್ನೆ: "ಅಧಿಕಾರಿ ಪ್ರಶ್ನೆ ಕೇಳದೆ ಹೋದ, ನೀವೂ ನನ್ನ ಮಾತಿಗೆ ಪ್ರಶ್ನೆ ಕೇಳದೆ ವಿಧೇಯರಾಗಿ" ಎಂದು ನಮ್ಮ ಸಭೆಯ ಹಿರಿಯರೊಬ್ಬರು ನನಗೆ ಕೆಲಸ ಬಿಟ್ಟು ಅವರ ಸೇವೆಗೆ ಸೇರಲು ಹೇಳುತ್ತಿದ್ದಾರೆ. ದೇವರು ಅವರಿಗೆ ತೋರಿಸಿದ್ದಾನಂತೆ. ನನಗೆ ಏನೂ ತೋರಿಸಿಲ್ಲ.

ನಿಮ್ಮ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರ ಇದೆ.

ಮೊದಲಿಗೆ, ಅಧಿಕಾರಿ ಪ್ರಶ್ನೆ ಕೇಳದೆ ಹೋದ ಎಂಬುದೇ ಪೂರ್ತಿ ನಿಜವಲ್ಲ. ಮೊದಲ ಉತ್ತರ ಗಡುಸಾಗಿ ಬಂದಾಗ ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ, ಮತ್ತೆ ಬೇಡಿದ. ದಾರಿಯಲ್ಲಿ ಹೊತ್ತು ವಿಚಾರಿಸಿ ತಾಳೆ ನೋಡಿದ. ಹಾಗೆ ತಾಳೆ ನೋಡಿದ ಮೇಲೆ ಅವನೂ ಅವನ ಮನೆಯವರೆಲ್ಲರೂ ನಂಬಿದರು ಎಂದಿದೆ. ವಿಚಾರಿಸಿದ್ದು ನಂಬಿಕೆಯನ್ನು ಕೆಡಿಸಲಿಲ್ಲ, ಬೆಳೆಸಿತು.

ಎರಡನೆಯದು, ಆ ಅಪ್ಪಣೆಯ ಲಾಭ ಯಾರಿಗೆ ಹೋಯಿತು ಎಂದು ನೋಡಿ. ಅರಮನೆಯ ಮನುಷ್ಯ, ಕೈಯಲ್ಲಿ ಅಧಿಕಾರ, ಮಗ ಸಾವಿನ ಬಾಯಲ್ಲಿ. ಅಂಥವನಿಂದ ಏನು ಬೇಕಾದರೂ ಬರೆಸಿಕೊಳ್ಳಬಹುದಾದ ಗಳಿಗೆ. ಯೇಸು ಅವನಿಂದ ಏನೂ ಕೇಳಲಿಲ್ಲ. ನನ್ನ ಹಿಂದೆ ಬಾ ಎಂದೂ ಅನ್ನಲಿಲ್ಲ, ಶಿಷ್ಯರಾದ ಪೇತ್ರ ಅಂದ್ರೆಯರಿಗೆ ಅಂದದ್ದನ್ನು ಇವನಿಗೆ ಅನ್ನಲಿಲ್ಲ. ಮನೆಗೆ ಕಳಿಸಿದರು. ನಿಮ್ಮ ಹಿರಿಯರ ಅಪ್ಪಣೆ ನಿಮ್ಮನ್ನು ಯಾರ ಬಳಿಗೆ ಕಳಿಸುತ್ತಿದೆ?

ಮೂರನೆಯದು ಒಂದನೇ ಅರಸುಗಳು 13. ಹೆಚ್ಚಿನ ಸಭೆಗಳಲ್ಲಿ ಈ ಅಧ್ಯಾಯದ ಮೇಲೆ ಪ್ರಸಂಗ ಕೇಳುವುದು ಅಪರೂಪ, ಯಾಕೆಂದು ಊಹಿಸಬಲ್ಲೆ. ಯೆಹೂದದಿಂದ ಬಂದ ಒಬ್ಬ ದೇವರ ಮನುಷ್ಯನಿಗೆ ಬೇತೇಲಿನಲ್ಲಿ ಉಣ್ಣಬೇಡ, ಕುಡಿಯಬೇಡ, ಹೋದ ದಾರಿಯಲ್ಲಿ ಹಿಂದಿರುಗಬೇಡ ಎಂದು ದೇವರು ಹೇಳಿದ್ದರು. ಅರಸ ಕರೆದರೂ ಅವನು ಒಪ್ಪಲಿಲ್ಲ. ಆಮೇಲೆ ಒಬ್ಬ ಮುದಿ ಪ್ರವಾದಿ ಬಂದು, ನಾನೂ ನಿನ್ನಂಥ ಪ್ರವಾದಿಯೇ, ನಿನ್ನನ್ನು ಮನೆಗೆ ಕರೆತಂದು ಉಣಿಸಬೇಕೆಂದು ದೇವದೂತನು ನನಗೆ ಹೇಳಿದ್ದಾನೆ ಎಂದ. ಅದು ಸುಳ್ಳು. ಇವನು ಹಿರಿಯನ ಮಾತಿಗೆ ವಿಧೇಯನಾಗಿ ಹೋದ, ಉಂಡ, ಹಿಂದಿರುಗುವ ದಾರಿಯಲ್ಲಿ ಸಿಂಹದ ಬಾಯಿಗೆ ಸಿಕ್ಕಿ ಸತ್ತ. ಅರಸನ ಆಮಿಷಕ್ಕೆ ಬಗ್ಗದವನನ್ನು "ದೇವರು ನನಗೆ ಹೇಳಿದ್ದಾನೆ" ಎಂಬ ಒಂದು ಮಾತು ಕೆಡವಿತು.

ಸೇವೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಪೂರ್ಣಾವಧಿ ಸೇವೆಗೆ ಹೋದ ಒಳ್ಳೆಯವರನ್ನು ಬಲ್ಲೆ. ನಿಮಗೆ ಕರೆ ಬಂದರೆ ನಿಮಗೇ ಬರಲಿ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ದಿನಾಲು ಶಾಸ್ತ್ರ ತೆರೆದು ಪರಿಶೀಲಿಸಿದರು, ಅದಕ್ಕೆ ಅವರನ್ನು ಅಪೊಸ್ತಲರ ಕೃತ್ಯಗಳು 17ರಲ್ಲಿ ಹೊಗಳಿದೆ. ಅಷ್ಟು ಸಮಯ ನನಗೂ ಕೊಡಿ ಎಂದು ಹಿರಿಯರನ್ನು ಕೇಳಿ. ಕೊಡಲಾರದಿದ್ದರೆ ಅದನ್ನೂ ಒಂದು ಉತ್ತರವೆಂದು ಇಟ್ಟುಕೊಳ್ಳಿ.

ಪ್ರಶ್ನೆ: ನಾವು ಉಪವಾಸ ಮಾಡಿದೆವು, ಜಗಳವಾಡಿದ್ದವರ ಬಳಿ ಹೋಗಿ ಕ್ಷಮೆ ಕೇಳಿದೆವು, ಬಿಡಬೇಕೆಂದದ್ದನ್ನೆಲ್ಲ ಬಿಟ್ಟೆವು. ಮಗಳು ಉಳಿಯಲಿಲ್ಲ. "ಎಲ್ಲೋ ಒಂದು ಅವಿಧೇಯತೆ ಉಳಿದಿರಬೇಕು, ಹುಡುಕಿ" ಎಂದು ಸಭೆಯ ಒಬ್ಬರು ಹೇಳಿದರು. ಹುಡುಕುತ್ತಲೇ ಇದ್ದೇನೆ. ಆ ಅಧಿಕಾರಿಯ ಕಥೆ ಓದಲು ಆಗುತ್ತಿಲ್ಲ.

ಅಣ್ಣಾ, ಹುಡುಕುವುದನ್ನು ನಿಲ್ಲಿಸಿ.

ವಾರ್ಡಿನಲ್ಲಿ ಮಗು ಕಳೆದುಕೊಂಡ ತಾಯಂದಿರು ನನ್ನ ಕೈ ಹಿಡಿದು ಪಟ್ಟಿ ಒಪ್ಪಿಸುತ್ತಿದ್ದರು. ಆ ದಿನ ಮಳೆಯಲ್ಲಿ ಆಡಲು ಬಿಟ್ಟೆ ಸಿಸ್ಟರ್. ಕೆಮ್ಮು ಎಂದಾಗ ಒಂದು ದಿನ ತಡಮಾಡಿದೆ. ಬೈದಿದ್ದೆ. ಪಟ್ಟಿಯಲ್ಲಿ ಒಂದೂ ಸಾವಿನ ಕಾರಣ ಇರುತ್ತಿರಲಿಲ್ಲ, ಕೇಸ್ ಶೀಟು ನನ್ನ ಕೈಯಲ್ಲೇ ಇರುತ್ತಿತ್ತು. ಆದರೂ ಪಟ್ಟಿ ಬೆಳೆಯುತ್ತಿತ್ತು. ದುಃಖಕ್ಕೆ ಒಂದು ಕಾರಣ ಬೇಕು, ಹತ್ತಿರದಲ್ಲಿ ಸಿಗುವುದು ನಾವೇ. ನಿಮಗೆ "ಹುಡುಕಿ" ಎಂದವರು ಆ ಪಟ್ಟಿಗೆ ದೇವರ ಸಹಿ ಹಾಕಿಸಿದ್ದಾರೆ. ಅದು ಕ್ರೂರ ಕೆಲಸ, ಅವರಿಗೆ ಗೊತ್ತಿಲ್ಲದೆ ಮಾಡಿದ್ದರೂ.

ಯೋಬನ ಮೂವರು ಗೆಳೆಯರೂ ಅದನ್ನೇ ಹೇಳಿದ್ದರು, ಅವನ ಮಕ್ಕಳೆಲ್ಲ ಸತ್ತ ಮೇಲೆ. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಯಾರ ಮೇಲೆ ಉರಿಯಿತು ಎಂದು ನೋಡಿ, ಯೋಬನ ಮೇಲಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳಿದ ಶಿಷ್ಯರಿಗೆ ಯೇಸು ಇಬ್ಬರೂ ಅಲ್ಲ ಎಂದರು. ಅರಸ ದಾವೀದನ ಪಾಪದಿಂದ ಅವನ ಮಗು ಸತ್ತ ಪ್ರಸಂಗವನ್ನು ಯಾರಾದರೂ ಎತ್ತಿದರೆ ಇದನ್ನು ಹೇಳಿ: ಪ್ರವಾದಿ ನಾತಾನನು ಬಂದು ಎದುರಿಗೆ ನಿಂತು ದಾವೀದನ ಪಾಪವನ್ನು ಬಿಡಿಸಿ ಹೇಳಿದ. ದಾವೀದ ಕತ್ತಲಲ್ಲಿ ತಡಕಾಡಬೇಕಾಗಿರಲಿಲ್ಲ. ನಜರೇತಿನಲ್ಲಿ ಅಪನಂಬಿಕೆಯಿಂದ ಮಹತ್ಕಾರ್ಯ ಆಗಲಿಲ್ಲ ಎಂಬ ವಚನವನ್ನೂ ನಿಮ್ಮ ಮೇಲೆ ಎಸೆಯಬಹುದು. ಅದು ಯೇಸುವನ್ನೇ ಬೇಡವೆಂದ ಒಂದು ಊರಿನ ಮಾತು. ನೀವು ಬೇಡವೆಂದವರಲ್ಲ, ಬೇಡಿಕೊಂಡವರು. ಅಲ್ಲಿಯೂ ಕೆಲವು ರೋಗಿಗಳ ಮೇಲೆ ಕೈಯಿಟ್ಟು ವಾಸಿಮಾಡಿದರು ಎಂದು ಅದೇ ವಚನದಲ್ಲಿದೆ.

ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡ, ಅದು ಹೋಗಲಿಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ, ಈ ಸಂಕಟದ ಪಾತ್ರೆ ತೊಲಗಲಿ ಎಂದು ಬೇಡಿಕೊಂಡ ಯೇಸುವಿನ ವಿಧೇಯತೆಯಲ್ಲಿ ಕುಂದು ಹುಡುಕುವ ಧೈರ್ಯ ಯಾವ ಕ್ರೈಸ್ತನಿಗಿದೆ? ಆ ಪಾತ್ರೆ ತೊಲಗಲಿಲ್ಲ.

ಒಬ್ಬನ ಮಗನಿಗೆ ಬದುಕು, ನಿಮ್ಮ ಮಗಳಿಗೆ ಏಕಿಲ್ಲ ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ಉತ್ತರವಿದೆ ಎನ್ನುವವರನ್ನು ಸದ್ಯಕ್ಕೆ ಮನೆಗೆ ಸೇರಿಸಬೇಡಿ. ಯೋಹಾನ 4 ಈಗ ಓದಬೇಕಾಗಿಲ್ಲ. 11ನೇ ಅಧ್ಯಾಯ ಓದಬಹುದು. ಮಾರ್ಥಳೂ ಮರಿಯಳೂ ಒಬ್ಬರಾದ ಮೇಲೆ ಒಬ್ಬರು ಬಂದು, ಸ್ವಾಮಿ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಯೇಸುವಿನ ಮುಖಕ್ಕೇ ಹೇಳುತ್ತಾರೆ. ಯಾರೂ ಅವರನ್ನು ಅವಿಧೇಯರು ಎನ್ನುವುದಿಲ್ಲ. ನಿಮಗೂ ಹಾಗೆ ಹೇಳಬೇಕೆನಿಸಿದರೆ ಹೇಳಿ. ಬರೆಯಬೇಕೆನಿಸಿದರೆ ನನಗೂ ಬರೆಯಿರಿ, ಪ್ರಕಟಿಸುವುದಿಲ್ಲ.

ಪ್ರಶ್ನೆ: ಸಂಡೇ ಸ್ಕೂಲಿನಲ್ಲಿ ಈ ಪಾಠ ಹೇಳಿದೆ. ಒಬ್ಬ ಹುಡುಗಿ, "ಟೀಚರ್, ದೂರದಿಂದಲೇ ವಾಸಿ ಮಾಡಿದ ಮೇಲೆ ಯೇಸು ಅವನಿಗೆ ಹೋಗು ಅಂತ ಯಾಕೆ ಹೇಳಬೇಕಿತ್ತು? ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಬಹುದಿತ್ತಲ್ಲ?" ಎಂದು ಕೇಳಿದಳು. ನನಗೆ ತೋಚಲಿಲ್ಲ.

ಆ ಹುಡುಗಿಯನ್ನು ನನ್ನ ಅಂಕಣಕ್ಕೆ ಕಳಿಸಿಕೊಡಿ.

ಅವಳಿಗೆ ಹೀಗೆ ಹೇಳಿ: ಮಗ ಮನೆಯಲ್ಲಿದ್ದ. ಜ್ವರ ಬಿಟ್ಟ ಹುಡುಗ ಕಣ್ಣು ತೆರೆದ ಕೂಡಲೇ ಅಪ್ಪ ಎಲ್ಲಿ ಎಂದು ಕೇಳುತ್ತಾನೆ, ನಾನು ಕಂಡ ಮಕ್ಕಳೆಲ್ಲ ಹಾಗೇ ಕೇಳಿದ್ದಾರೆ. ಅಪ್ಪ ಮನೆಗೆ ಹೋಗಬೇಕಾಗಿದ್ದದ್ದು ಅದಕ್ಕೆ. ಅವಳು ಇನ್ನೂ ಬಿಡದಿದ್ದರೆ ಗಲಿಲಾಯದ ಭೂಪಟ ಕೊಟ್ಟು ಕಾನಾದಿಂದ ಕಪೆರ್ನೌಮಿಗೆ ಗೆರೆ ಎಳೆಯಲು ಹೇಳಿ, ಆಳುಗಳು ಎಲ್ಲಿ ಎದುರಾಗಿರಬಹುದು ಎಂದು ಗುರುತು ಹಾಕಲಿ. ಆ ಆಳುಗಳಿಗೆ ಕಾನಾದಲ್ಲಿ ನಡೆದದ್ದು ಏನೂ ಗೊತ್ತಿರಲಿಲ್ಲ, ಹುಡುಗ ಎದ್ದು ಕೂತ ಎಂಬುದಷ್ಟೇ ಗೊತ್ತಿತ್ತು, ಆದರೂ ಅವರು ಬೆಟ್ಟ ಹತ್ತತೊಡಗಿದ್ದರು. ಯಾಕೆ ಹೊರಟರು ಎಂದು ಮಕ್ಕಳನ್ನೇ ಕೇಳಿ, ಅವರು ಹೇಳಿದ್ದನ್ನು ನನಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವರ ಉತ್ತರಗಳಿಗೆ ಜಾಗ ಇಡುತ್ತೇನೆ.